ಸಂಸಾರದಲ್ಲಿ ಏನೋ ಸರಿಯಿಲ್ಲ ಅನ್ನಿಸಿದಾಗ: ಎಲ್ಲಿಂದ ನೋಡಬೇಕು, ಎಲ್ಲಿ ನಿಲ್ಲಿಸಬೇಕು

ಹದಿನಾಲ್ಕು ವರ್ಷದಿಂದ ದಂಪತಿಗಳ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಬಂದು ಕೂತವರು ಮೊದಲು ಎತ್ತುವುದು ಸ್ವಭಾವದ ಮಾತನ್ನೇ. "ಇವರು ಮೊದಲಿಂದಲೂ ಹೀಗೇ ಮೇಡಂ." "ಇವಳಿಗೆ ಹೊಂದಿಕೊಂಡು ಹೋಗೋ ಗುಣವೇ ಇಲ್ಲ." ಸ್ವಭಾವ ತಿದ್ದುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಅದಕ್ಕೆ ಕೈ ಹಾಕುವ ಮುಂಚೆ ನೋಡಬೇಕಾದ ಸಣ್ಣ ಸಂಗತಿಗಳು ಎಷ್ಟೋ ಇರುತ್ತವೆ: ನಿದ್ದೆ, ರಕ್ತ, ಸಾಲ, ಮನೆಗೆ ಬರುವ ಹೊತ್ತು. ಅವನ್ನು ನೋಡದೆಯೇ ವಕೀಲರ ಮನೆ ಬಾಗಿಲು ತಟ್ಟಿದವರನ್ನು ಕಂಡು ಸಂಕಟಪಟ್ಟಿದ್ದೇನೆ. ಹಾಗಾಗಿ ಸುಲಭದಿಂದ ಕಷ್ಟದ ಕಡೆಗೆ, ನಿಮ್ಮ ಕಣ್ಣಿಗೆ ಬೀಳುವ ಲಕ್ಷಣವನ್ನೇ ಹಿಡಿದು ಬರೆದಿದ್ದೇನೆ. ಒಂದನ್ನು ಮಾತ್ರ ಎಲ್ಲಕ್ಕಿಂತ ಮುಂಚೆ ನೋಡಲೇಬೇಕು.

ಎಲ್ಲಕ್ಕಿಂತ ಮೊದಲು: ಮನೆಯಲ್ಲಿ ಭಯ ಇದೆಯೇ?

ಒಬ್ಬರೇ ಇರುವಾಗ ಕೇಳಿಕೊಳ್ಳಿ. ಗೇಟಿನ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆಯೇ? ಒಂದು ಮಾತು ಆಡುವ ಮುಂಚೆ ಅವರ ಮುಖ ನೋಡಿ ಅಳೆಯುತ್ತೀರಾ? ಹೊಡೆತ, ತಳ್ಳಾಟ, ಹಾಸಿಗೆಯಲ್ಲಿ ಬಲವಂತ, ಸಂಬಳ ಕಿತ್ತುಕೊಳ್ಳುವುದು, ತವರಿನವರ ಜತೆ ಮಾತು ಬಿಡಿಸುವುದು, ಮಗುವನ್ನು ಕೊಡುವುದಿಲ್ಲ ಎಂಬ ಬೆದರಿಕೆ: ಇವುಗಳಲ್ಲಿ ಯಾವುದು ಇದ್ದರೂ ಈ ಬರಹದ ಮುಂದಿನ ಭಾಗಗಳು ನಿಮಗಲ್ಲ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅನ್ನುವ ಗಾದೆಯನ್ನು ಇಲ್ಲಿಗೆ ತರಬೇಡಿ. ಆ ಗಾದೆ ಸಮಾನರ ಜಗಳಕ್ಕೆ ಹುಟ್ಟಿದ್ದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇಕಡಾ 44ರಷ್ಟು ಜನ ಗಂಡನಿಂದ ಒಮ್ಮೆಯಾದರೂ ಹಿಂಸೆ ಅನುಭವಿಸಿದ್ದಾರೆ. ಹಾಗಾಗಿ "ನಮ್ಮಂಥ ಮನೆಯಲ್ಲಿ ಇದೆಲ್ಲ ಇರಲ್ಲ" ಅಂದುಕೊಂಡು ನಾಚಿ ಕೂರಬೇಡಿ.

ಕುತ್ತಿಗೆ ಹಿಸುಕಿದ್ದರೆ ಗುರುತು ಕಾಣದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಒಳಗಿನ ಪೆಟ್ಟು ಕೆಲವು ಗಂಟೆಗಳ ನಂತರವೂ ಅಪಾಯ ತರಬಹುದು. ಮುಂದೆ ಜೀವಕ್ಕೇ ಅಪಾಯವಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸೂಚನೆ ಬೇಕಿಲ್ಲ. ತಕ್ಷಣದ ಅಪಾಯಕ್ಕೆ 112, ಮಹಿಳಾ ಸಹಾಯವಾಣಿಗೆ 181. ಜಿಲ್ಲೆಗಳಲ್ಲಿ ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವಾಗುವ 'ಸಖಿ' ಕೇಂದ್ರಗಳೂ ಸಾಂತ್ವನ ಕೇಂದ್ರಗಳೂ ಇವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ವಿಚ್ಛೇದನ ಕೇಳದೆಯೇ ರಕ್ಷಣೆಯ ಆದೇಶ ಪಡೆಯಬಹುದು, ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೇಳಬಹುದು. ಬೈಗುಳ, ಅವಮಾನ, ಖರ್ಚಿಗೆ ದುಡ್ಡು ಕೊಡದಿರುವುದು ಕೂಡ ಆ ಕಾಯ್ದೆಯ ಕಣ್ಣಲ್ಲಿ ಹಿಂಸೆಯೇ. ಈ ಕಾಯ್ದೆ ಹೆಂಗಸರಿಗಾಗಿ ಇರುವುದು. ಪೆಟ್ಟು ತಿನ್ನುವ ಗಂಡಸರೂ ಇದ್ದಾರೆ, ಅವರೂ ಹಿಂಜರಿಯದೆ 112ಕ್ಕೆ ಕರೆ ಮಾಡಬೇಕು.

ನಿಮ್ಮ ಫೋನನ್ನು ಅವರು ತೆಗೆದು ನೋಡುವ ಅಭ್ಯಾಸವಿದ್ದರೆ ಪಕ್ಕದ ಮನೆಯ ಫೋನಿನಿಂದ ಕರೆ ಮಾಡಿ. ಆಧಾರ್, ಪಾಸ್‌ಬುಕ್, ಮಕ್ಕಳ ಸರ್ಟಿಫಿಕೇಟುಗಳ ಪ್ರತಿ, ಬಸ್ಸಿಗೆ ಆಗುವಷ್ಟು ದುಡ್ಡು ನಂಬಿಕಸ್ಥರೊಬ್ಬರ ಹತ್ತಿರ ಇಟ್ಟಿರಿ. ಇನ್ನೊಂದು ವಿಷಯ. ಹೊಡೆಯುವವರ ಜತೆ ಒಟ್ಟಿಗೆ ಕೂತು ಸಮಾಲೋಚನೆಗೆ ಬರಬೇಡಿ. ನನ್ನ ಕೋಣೆಯಲ್ಲಿ ನೀವು ಬಾಯಿಬಿಟ್ಟ ಸತ್ಯಕ್ಕೆ ಮನೆಯಲ್ಲಿ ಶಿಕ್ಷೆ ಆಗಬಹುದು.

ಲಕ್ಷಣ: "ಮುಟ್ಟಿದರೆ ಸಿಡೀತಾರೆ"

ಭಯ ಇಲ್ಲ, ಬರೀ ಕಿರಿಕಿರಿ. ಮೊದಲು ಹೀಗಿರಲಿಲ್ಲ, ಈಗ ಆರು ತಿಂಗಳಿಂದ ಹೀಗೆ. ಇಂಥ ಕಡೆ ನಾನು ಮನಸ್ಸಿನ ಮಾತು ಆಡುವ ಮೊದಲು ಮೈಯ ವಿಚಾರ ಕೇಳುತ್ತೇನೆ.

ಒಂದು ಜೋಡಿಯನ್ನು ಮರೆಯಲಾರೆ. ರಾತ್ರಿ ಒಂಬತ್ತೂವರೆಗೆ ಬಂದ ಗಂಡ ಸಾರಿಗೆ ಉಪ್ಪು ಸಾಲದು ಅಂದಿದ್ದ. ಅವಳು ಸೌಟನ್ನು ಸಿಂಕಿಗೆ ಎಸೆದು, ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಿದ್ದಳು. ಎರಡು ದಿನ ಮಾತಿಲ್ಲ. ನನ್ನೆದುರು ಕೂತಾಗ ಅವಳ ಉಗುರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದವು. ಮೆಟ್ಟಿಲು ಹತ್ತಿದ್ದಕ್ಕೇ ಉಸಿರು ಮೇಲೆ ಕೆಳಗೆ. ಮುಟ್ಟು ಎಷ್ಟು ದಿನ ಅಂದೆ. ಒಂಬತ್ತು ದಿನ, ಅದೂ ಒಂದು ವರ್ಷದಿಂದ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.8. ಹೆಂಗಸರಿಗೆ 12ಕ್ಕಿಂತ ಕಮ್ಮಿಯಾದರೆ ರಕ್ತಹೀನತೆ. ಆಕೆ ವರ್ಷಪೂರ್ತಿ ಅರ್ಧ ಉಸಿರಲ್ಲಿ ಮನೆ ನಡೆಸಿದ್ದಳು. ಆತ ಆ ಕಾಗದವನ್ನು ಹಿಡಿದುಕೊಂಡು ತುಂಬ ಹೊತ್ತು ತಲೆ ಎತ್ತಲಿಲ್ಲ. "ಸೋಂಬೇರಿ ಅಂದಿದ್ದೆ ಮೇಡಂ" ಅಂದ.

ಹಾಗಾಗಿ ಮೊದಲ ಪರೀಕ್ಷೆ ಇದು: ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ. ಇಬ್ಬರೂ ಮಾಡಿಸಿ. ಥೈರಾಯ್ಡ್ ಕಮ್ಮಿಯಾದರೆ ಆಯಾಸ, ಬೇಸರ, ತೂಕ ಏರುವುದು. ಹೆಚ್ಚಾದರೆ ಚಡಪಡಿಕೆ, ಸಿಡುಕು. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗಿ, ಬೆಳಿಗ್ಗೆ ತಲೆನೋವಿನಿಂದ ಏಳುವ ಗಂಡನಿಗೆ ಬೇಕಾಗಿರುವುದು ನಿದ್ದೆಯ ಉಸಿರಾಟದ ತಪಾಸಣೆ. ಅಮೆರಿಕದ ಹೊತ್ತಿಗೆ ತಕ್ಕಂತೆ ಕೆಲಸ ಮಾಡುವವರು, ರಾತ್ರಿ ಪಾಳಿಯ ಕಾರ್ಖಾನೆಯವರು ಹಗಲಲ್ಲಿ ಐದು ಗಂಟೆಯೂ ನಿದ್ದೆ ಮಾಡದೆ, ಆಮೇಲೆ ಸಂಸಾರವೇ ಕೆಟ್ಟಿತು ಅನ್ನುತ್ತಾರೆ. ಎರಡು ವಾರ ಜಗಳ ನಡೆದ ಗಂಟೆಯನ್ನಷ್ಟೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೆಚ್ಚಿನವು ಹಸಿವಿನ ಹೊತ್ತಿಗೋ ರಾತ್ರಿ ಹತ್ತರ ಮೇಲೋ ಬಿದ್ದಿದ್ದರೆ ಮಾತಿನ ಹೊತ್ತನ್ನು ಬದಲಿಸಿ. ಊಟ ಆಗುವವರೆಗೆ ದೂರು ಬೇಡ ಎಂಬ ಒಂದೇ ಒಪ್ಪಂದದಿಂದ ಜಗಳ ಅರ್ಧಕ್ಕೆ ಇಳಿದ ಮನೆಗಳನ್ನು ನೋಡಿದ್ದೇನೆ.

ನಿಲ್ಲಿಸಬೇಕಾದ ಜಾಗ: ಹೆರಿಗೆಯಾಗಿ ಎರಡು ವಾರ ದಾಟಿದ ಮೇಲೂ ತಾಯಿ ಅಳುತ್ತಲೇ ಇದ್ದರೆ, ಮಗು ಮಲಗಿದರೂ ನಿದ್ದೆ ಬರದಿದ್ದರೆ, "ನಾನಿಲ್ಲದಿದ್ದರೇ ಒಳ್ಳೇದು" ಅನ್ನುತ್ತಿದ್ದರೆ, ಅದನ್ನು ಬಾಣಂತಿಯ ಹಟ ಅಂದುಕೊಳ್ಳಬೇಡಿ. ಅದು ಕಾಯಿಲೆ, ಔಷಧವಿದೆ. ಗಂಡಸಿನ ಬಾಯಲ್ಲಿ ಅಂಥ ಮಾತು ಬಂದರೂ ಅಷ್ಟೇ ಗಂಭೀರ. ಟೆಲಿಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ, ಯಾವ ಹೊತ್ತಿನಲ್ಲಾದರೂ ಮಾತಾಡಬಹುದು. ಆ ರಾತ್ರಿ ಅವರನ್ನು ಒಬ್ಬರೇ ಬಿಡಬೇಡಿ.

ಲಕ್ಷಣ: "ಪ್ರತಿ ಸಲ ಅದೇ ಜಗಳ"

ನಮ್ಮನೆಯದನ್ನೇ ಹೇಳುತ್ತೇನೆ. ಮದುವೆಯಾಗಿ 26 ವರ್ಷ. ಮೊದಲ ಹತ್ತು ವರ್ಷ ಒಂದೇ ಜಗಳ: ತಡವಾದರೆ ಇವರು ಹೇಳುತ್ತಿರಲಿಲ್ಲ, ನಾನು ಊಟಕ್ಕೆ ಕಾಯುತ್ತಿದ್ದೆ. "ನೀನು ಊಟ ಮಾಡು, ಯಾರು ಕಾಯೋಕೆ ಹೇಳಿದ್ದು?" ಅನ್ನೋರು. ಅದು ಊಟದ ಜಗಳವಲ್ಲ ಅಂತ ನನಗೂ ಗೊತ್ತಿರಲಿಲ್ಲ. ಒಂದು ದಿನ, ಜಗಳ ಇಲ್ಲದ ಹೊತ್ತಿನಲ್ಲಿ, ಅಳುತ್ತಾ ಹೇಳಿದೆ: ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸಂಜೆ ಸ್ಕೂಟರ್ ತೆಗೆದುಕೊಂಡು ಹೋದವರು ಆಸ್ಪತ್ರೆಯಿಂದ ಬಂದಿದ್ದು ಮೂರು ವಾರದ ಮೇಲೆ. ಮುಚ್ಚಿಟ್ಟ ಅನ್ನದ ಮುಂದೆ ಅಮ್ಮ ಬೆಳಗಿನವರೆಗೆ ಕೂತಿದ್ದರು. ಇವರು ಏನೂ ಅನ್ನಲಿಲ್ಲ. ಮರುದಿನದಿಂದ ಆಫೀಸು ಬಿಡುವಾಗ ಒಂದೇ ಪದದ ಮೆಸೇಜು ಬರತೊಡಗಿತು: "ಹೊರಟೆ." ಇವತ್ತಿಗೂ ಇವರು ತಡವಾಗಿಯೇ ಬರುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಶಕಗಳ ಕಾಲ ದಂಪತಿಗಳ ಜಗಳವನ್ನು ಕ್ಯಾಮೆರಾದಲ್ಲಿ ಹಿಡಿದು, ನಾಡಿ ಬಡಿತ ಅಳೆದು ಅಧ್ಯಯನ ಮಾಡಿದವರು. ಅವರ ಲೆಕ್ಕದಲ್ಲಿ ದಂಪತಿಗಳ ನಡುವಿನ ಭಿನ್ನಾಭಿಪ್ರಾಯಗಳಲ್ಲಿ ಶೇಕಡಾ 69ರಷ್ಟು ಎಂದೂ ಪೂರ್ತಿ ಬಗೆಹರಿಯದಂಥವು. ಚೆನ್ನಾಗಿ ಬಾಳುವವರಿಗೂ ಅವು ಇರುತ್ತವೆ. ಈ ಅಂಕಿ ಕೇಳಿ ಎಷ್ಟೋ ಜನ ನನ್ನೆದುರು ನಿಟ್ಟುಸಿರು ಬಿಟ್ಟಿದ್ದಾರೆ. ಜಗಳ ಮತ್ತೆ ಮತ್ತೆ ಬಂದ ಮಾತ್ರಕ್ಕೆ ಮದುವೆ ಮುರಿದಿಲ್ಲ. ನೋಡಬೇಕಾದದ್ದು ಅದನ್ನು ಹೇಗೆ ಆಡುತ್ತೀರಿ ಅನ್ನುವುದನ್ನು.

ಮೊದಲ ವಾಕ್ಯವನ್ನು ಗಮನಿಸಿ. "ನಿಮಗೆ ಯಾವತ್ತು ನನ್ನ ಯೋಚನೆ ಇತ್ತು?" ಅಂದರೆ ಎದುರಿನವರು ಗೋಡೆ ಕಟ್ಟಿಕೊಳ್ಳುತ್ತಾರೆ. "ನಿನ್ನೆ ಸ್ಕ್ಯಾನಿಂಗ್ ಹೊತ್ತಲ್ಲಿ ಒಬ್ಬಳೇ ಕೂತು ಭಯ ಆಯ್ತು ರೀ, ಮುಂದಿನ ಸಲ ನೀವು ಬನ್ನಿ" ಅಂದರೆ ಅದಕ್ಕೊಂದು ಉತ್ತರ ಸಾಧ್ಯ. ಎರಡನೆಯದರಲ್ಲಿ ಒಂದು ದಿನ ಇದೆ, ಒಂದು ನೋವು ಇದೆ, ಮಾಡಬಹುದಾದ ಒಂದು ಕೆಲಸ ಇದೆ. "ಯಾವತ್ತೂ", "ಪ್ರತಿ ಸಲ", "ನಿಮ್ಮ ಮನೆಯವರೆಲ್ಲ" ಎಂಬ ಮಾತುಗಳನ್ನು ಒಂದು ವಾರ ಬಿಟ್ಟು ನೋಡಿ.

ಮಾತು ಏರಿ ಕಿವಿ ಬಿಸಿಯಾಗಿ, ನಾಡಿ ನಿಮಿಷಕ್ಕೆ 100 ದಾಟಿದ ಮೇಲೆ ಯಾರ ಮಾತೂ ಯಾರ ತಲೆಗೂ ಹೋಗುವುದಿಲ್ಲ. ಆಗ ನಿಲ್ಲಿಸಬೇಕು. ಮೈ ತಣ್ಣಗಾಗಲು ಕಡಿಮೆಯೆಂದರೂ 20 ನಿಮಿಷ ಬೇಕು. ಆದರೆ ಸುಮ್ಮನೆ ಎದ್ದುಹೋದರೆ ಇನ್ನೊಬ್ಬರಿಗೆ ಕಡೆಗಣಿಸಿದಂತಾಗುತ್ತದೆ. "ಈಗ ಆಗ್ತಿಲ್ಲ, ಹಾಲು ತಂದು ಬರ್ತೀನಿ, ಎಂಟೂವರೆಗೆ ಕೂತು ಮಾತಾಡೋಣ" ಅನ್ನಿ. ಎಂಟೂವರೆಗೆ ನೀವೇ ಬಂದು ಕೂರಿ. ಹಾಗೆ ಬಂದು ಕೂರದಿದ್ದರೆ ಮುಂದಿನ ಸಲ ನಿಮ್ಮ ಬಿಡುವಿಗೆ ಬೆಲೆ ಇರುವುದಿಲ್ಲ.

ಇದರಲ್ಲೇ ಅತಿ ಕೆಟ್ಟ ಸೂಚನೆ ತಾತ್ಸಾರ. "ಓದಿರೋದು ಅಷ್ಟರಲ್ಲೇ ಇದೆ ಬಿಡು." "ನಿಮ್ಮಪ್ಪನ ಬುದ್ಧಿ ಎಲ್ಲಿ ಹೋಗತ್ತೆ." ಮಾತಾಡುವಾಗ ಮೂತಿ ಸೊಟ್ಟ ಮಾಡುವುದು, ಮಕ್ಕಳ ಮುಂದೆ ಅಣಕಿಸುವುದು. ಮದುವೆ ಮುರಿಯುವ ದಾರಿಯಲ್ಲಿದೆ ಎಂದು ಹೇಳುವ ಸೂಚನೆಗಳಲ್ಲಿ ಇದೇ ಅತಿ ಬಲವಾದದ್ದು ಎಂದು ಗಾಟ್‌ಮನ್ ಕೂಡ ಕಂಡುಕೊಂಡರು. ಕೂಗಾಟವನ್ನು ನಾನು ಇಷ್ಟು ಹೆದರಿ ನೋಡುವುದಿಲ್ಲ. ತಾತ್ಸಾರ ದಿನವೂ ಇದ್ದರೆ ಮನೆಯ ಪ್ರಯೋಗಗಳನ್ನು ನಿಲ್ಲಿಸಿ ತಿಳಿದವರ ಹತ್ತಿರ ಬನ್ನಿ.

ಲಕ್ಷಣ: "ಜಗಳವೂ ಇಲ್ಲ, ಮಾತೂ ಇಲ್ಲ"

ಮನೆಯಲ್ಲಿ ಮಾತಿದೆ: "ಗ್ಯಾಸ್ ಬುಕ್ ಮಾಡಿದ್ರಾ?", "ಟ್ಯೂಷನ್ ಫೀಸು ಕಟ್ಟಿದ್ದೀನಿ." ಇಷ್ಟೇ. ಇದನ್ನು ಶಾಂತಿ ಅಂದುಕೊಂಡವರು ಬಹಳ ತಡವಾಗಿ ಬರುತ್ತಾರೆ.

ಇಲ್ಲಿ ದೊಡ್ಡ ಮಾತುಕತೆಯಿಂದ ಶುರು ಮಾಡಬೇಡಿ, ಇಬ್ಬರೂ ಬೆಚ್ಚುತ್ತಾರೆ. ದಿನಕ್ಕೆ 15 ನಿಮಿಷ, ಫೋನುಗಳು ಬೇರೆ ಕೋಣೆಯಲ್ಲಿ, ಟಿವಿ ಆರಿಸಿ. ಮಕ್ಕಳು, ದುಡ್ಡು, ನೆಂಟರು ಈ ಮೂರು ವಿಷಯ ಬೇಡ. ಕಾಫಿ ಹಿಡಿದು ಬಾಲ್ಕನಿಯಲ್ಲೋ ಜಗಲಿಯಲ್ಲೋ ಕೂತರೆ ಸಾಕು. ಮೊದಲ ವಾರ ಹೇಳಲು ಏನೂ ತೋಚುವುದಿಲ್ಲ, ಪರವಾಗಿಲ್ಲ. ಎದುರುಬದುರು ಕೂರುವುದಕ್ಕಿಂತ ಪಕ್ಕದಲ್ಲಿ ನಡೆಯುವುದು ಗಂಡಸರಿಗೆ ಸಲೀಸು ಎಂಬುದು ನನ್ನ ಅನುಭವ.

ಒಬ್ಬರು ಬೇಕೆಂದೇ ವಾರಗಟ್ಟಲೆ ಮಾತು ಬಿಟ್ಟು, ಇನ್ನೊಬ್ಬರು ಕಾಲಿಗೆ ಬೀಳುವವರೆಗೆ ಕಾಯುತ್ತಾರೆಂದರೆ ಅದು ಮೌನವಲ್ಲ, ಶಿಕ್ಷೆ. ಮತ್ತೆ ಮೊದಲ ಭಾಗಕ್ಕೆ ಹೋಗಿ ಓದಿ.

ಲಕ್ಷಣ: "ಎರಡು ಮನೆಯವರೂ ನಡುವೆ ಬಂದಿದ್ದಾರೆ"

ಜಗಳವಾದ ರಾತ್ರಿ ತವರಿಗೆ ಫೋನು ಹೋಗುತ್ತದೆ, ಇತ್ತ ಗಂಡ ಅಮ್ಮನ ಮುಂದೆ ಕೂರುತ್ತಾನೆ. ಬೆಳಿಗ್ಗೆ ಗಂಡ ಹೆಂಡತಿ ರಾಜಿಯಾಗಿ ಉಪ್ಪಿಟ್ಟು ತಿನ್ನುತ್ತಾರೆ. ಆದರೆ ಹೇಳಿಸಿಕೊಂಡ ಎರಡು ಮನೆಗಳಲ್ಲಿ ಜಗಳ ಇನ್ನೂ ಬದುಕಿರುತ್ತದೆ, ಮುಂದಿನ ಗೃಹಪ್ರವೇಶದಲ್ಲಿ ಎದ್ದು ಕೂರುತ್ತದೆ.

ಮೊದಲ ಉಪಾಯಕ್ಕೆ ಕಾಸಿನ ಖರ್ಚಿಲ್ಲ: ಜಗಳವಾದ ಮೇಲೆ 24 ಗಂಟೆ ಯಾರ ಮನೆಗೂ ಹೇಳಬೇಡಿ. ಏಟು, ಬೆದರಿಕೆ ಇದ್ದರೆ ಈ ನಿಯಮ ಇಲ್ಲ, ಆ ಕ್ಷಣವೇ ಹೇಳಿ. ಎರಡನೆಯದು, ನಿಮ್ಮ ಹೆತ್ತವರ ಹತ್ತಿರ ನೀವೇ ಮಾತಾಡಿ. ಅತ್ತೆಗೆ ಹೇಳಬೇಕಾದ್ದನ್ನು ಸೊಸೆಯ ಬಾಯಿಂದ ಹೇಳಿಸಬಾರದು. "ಅಮ್ಮ, ಭಾನುವಾರ ನಾವಿಬ್ಬರೇ ಹೊರಗೆ ಹೋಗ್ತೀವಿ, ಇದು ನಾನೇ ತೀರ್ಮಾನ ಮಾಡಿದ್ದು" ಎಂದು ಮಗ ಹೇಳಿದರೆ ಅಮ್ಮನಿಗೆ ಒಂದು ದಿನ ಬೇಜಾರು. ಸೊಸೆ ಹೇಳಿದರೆ ಹತ್ತು ವರ್ಷದ ನೆನಪು. ಮಾವನ ಸಕ್ಕರೆ ಕಾಯಿಲೆಗೆ ಯಾರು ಆಸ್ಪತ್ರೆಗೆ ಹೋಗಬೇಕು, ತವರಿನ ಅಮ್ಮನಿಗೆ ತಿಂಗಳಿಗೆ ಎಷ್ಟು ಕಳಿಸಬೇಕು ಎಂಬುದನ್ನು ಇಬ್ಬರೇ ಕೂತು, ಎರಡು ಕಡೆಗೂ ಒಂದೇ ಅಳತೆಯಲ್ಲಿ, ಮೊದಲೇ ನಿರ್ಧರಿಸಿ.

ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಿಸುವುದಾದರೆ ಎರಡೂ ಕಡೆಯವರು ಗೌರವಿಸುವ, ಇಬ್ಬರ ಮಾತೂ ಬೇರೆ ಬೇರೆಯಾಗಿ ಕೇಳುವಷ್ಟು ತಾಳ್ಮೆಯಿರುವ ಒಬ್ಬರು ಸಾಕು. ಹದಿನೈದು ಜನ ಜಮಖಾನೆ ಹಾಸಿ ಕೂತ ಪಂಚಾಯ್ತಿಯಲ್ಲಿ ಹೆಣ್ಣುಮಗಳು ನಿಜ ಹೇಳಿದ್ದನ್ನು ನಾನು ನೋಡಿಲ್ಲ.

ಲಕ್ಷಣ: "ದುಡ್ಡಿನ ವಿಷಯ ಮುಚ್ಚಿಡ್ತಾರೆ"

ಫೋನು ಬಂದರೆ ಹೊರಗೆ ಹೋಗಿ ಮಾತಾಡುವುದು, ಒಡವೆ ಎಲ್ಲಿ ಅಂದರೆ ಲಾಕರಿನಲ್ಲಿದೆ ಅನ್ನುವುದು, ತಿಂಗಳ ಹತ್ತನೇ ತಾರೀಕಿಗೇ ಕೈ ಖಾಲಿ. ಎಷ್ಟೋ ಸಲ ಹೆಂಡತಿ ಇದನ್ನು ಬೇರೆ ಹೆಣ್ಣಿನ ವಿಷಯ ಅಂದುಕೊಂಡಿರುತ್ತಾಳೆ. ತೆಗೆದು ನೋಡಿದರೆ ಲೋನ್ ಆಪ್, ರಮ್ಮಿ, ತಮ್ಮನಿಗೆ ಹಾಕಿದ ಜಾಮೀನು.

ಒಂದು ಭಾನುವಾರ ಇಬ್ಬರೂ ಒಂದು ಹಾಳೆಯಲ್ಲಿ ಬರೆಯಿರಿ: ಬರುವುದೆಷ್ಟು, ಇಎಂಐ ಎಷ್ಟು, ಚೀಟಿ, ಕೈಸಾಲ, ಅಡವಿಟ್ಟ ಒಡವೆ. ಆ ದಿನ ಬೈಗುಳ ಇಲ್ಲ ಎಂದು ಮೊದಲೇ ಮಾತು ಕೊಟ್ಟುಕೊಳ್ಳಿ. ಬೈದರೆ ಮುಂದಿನ ಸಾಲವೂ ಮುಚ್ಚಿಕೊಳ್ಳುತ್ತದೆ. ಇಬ್ಬರ ಕೈಗೂ ಲೆಕ್ಕ ಕೇಳದ ಒಂದು ಸಣ್ಣ ಮೊತ್ತ ಇರಲಿ, ಗೃಹಿಣಿಗೂ ಇರಲಿ. ಒಬ್ಬರು ಮಾಡಿದ ಸಾಲಕ್ಕೆ ಇನ್ನೊಬ್ಬರ ಸಹಿ ಕೇಳಿದರೆ ಓದದೆ ಹಾಕಬೇಡಿ. ಒಮ್ಮೆ ತೀರಿಸಿದ ಜೂಜಿನ ಸಾಲ ಮತ್ತೆ ಹುಟ್ಟಿದ್ದರೆ ಅದು ಚಟ. ಒಡವೆ ಮಾರಿ ತೀರಿಸುವುದರಿಂದ ವಾಸಿಯಾಗದು, ಮನೋವೈದ್ಯರು ಬೇಕು.

ಲಕ್ಷಣ: "ಹತ್ತಿರವೇ ಬರೋದಿಲ್ಲ"

ಇದನ್ನು ಹೇಳಲು ಜನ ಮೂರನೇ ಭೇಟಿಯವರೆಗೆ ಕಾಯುತ್ತಾರೆ. "ನನ್ನ ಮೇಲೆ ಆಸೆ ಇಲ್ಲ" ಎಂಬ ತೀರ್ಮಾನಕ್ಕೆ ಮುಂಚೆ ಇಲ್ಲೂ ಮೈಯನ್ನೇ ನೋಡಬೇಕು. ಕೂಡುವಾಗ ನೋವಾದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಸೋಂಕು, ಹೆರಿಗೆಯ ಹೊಲಿಗೆ, ಮುಟ್ಟು ನಿಲ್ಲುವ ವಯಸ್ಸಿನ ಒಣಗುವಿಕೆ, ಭಯದಿಂದ ಸ್ನಾಯು ಬಿಗಿಯುವುದು, ಎಲ್ಲಕ್ಕೂ ಚಿಕಿತ್ಸೆ ಇದೆ. ಗಂಡಸಿಗೆ ನಿಮಿರುವಿಕೆಯ ತೊಂದರೆ ಸಕ್ಕರೆ ಕಾಯಿಲೆ ಅಥವಾ ಹೃದಯದ ಕಾಯಿಲೆಯ ಮೊದಲ ಸೂಚನೆ ಆಗಿರಬಹುದು. ರಕ್ತದೊತ್ತಡದ, ಖಿನ್ನತೆಯ ಕೆಲವು ಮಾತ್ರೆಗಳೂ ಕಾರಣವಾಗುತ್ತವೆ. ಅಂಗಡಿಯಿಂದ ಗುಟ್ಟಾಗಿ ಮಾತ್ರೆ ತಂದು ನುಂಗುವುದು ಅಪಾಯ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ನಿಮಿರುವಿಕೆಯ ಮಾತ್ರೆಯಾದ ಸಿಲ್ಡೆನಾಫಿಲ್ (ವಯಾಗ್ರ) ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು.

ವರದಿಗಳೆಲ್ಲ ಸರಿಯಿದ್ದರೆ ಹಗಲಿನ ಕಡೆ ತಿರುಗಿ ನೋಡಿ. ದಿನವಿಡೀ ತಾತ್ಸಾರ ಉಂಡ ಮೈ ರಾತ್ರಿ ಅರಳುವುದಿಲ್ಲ. ಫೋನಿನ ಪಾಸ್‌ವರ್ಡ್ ಕದ್ದು ನೋಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಅನುಮಾನವಿದ್ದರೆ ನೇರ ಕೇಳಿ. ಬೇರೆ ಸಂಬಂಧ ನಿಜವೆಂದು ಗೊತ್ತಾದರೆ ಆ ವಾರ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ, ಒಟ್ಟಿಗೆ ಇರುವುದನ್ನೂ, ಬಿಡುವುದನ್ನೂ.

ಲಕ್ಷಣ: ಕುಡಿತ

ಕುಡಿದಾಗ ಸಂಸಾರದ ಮಾತೇ ಬೇಡ, ಬೆಳಿಗ್ಗೆ ಆಡಿ. ದಿನಾ ಕುಡಿಯುವವರನ್ನು ದೇವರ ಮುಂದೆ ಆಣೆ ಹಾಕಿಸಿ ಒಂದೇ ದಿನದಲ್ಲಿ ಬಿಡಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಕೈ ನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸ್ ಬರಬಹುದು, ಸಾವೂ ಆಗಬಹುದು. ಬಿಡಿಸುವುದು ವೈದ್ಯರ ಕಣ್ಣೆದುರಲ್ಲೇ ಆಗಬೇಕು. ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಪುಡಿಯ ಜಾಹೀರಾತುಗಳನ್ನು ನಂಬಬೇಡಿ. ಕುಡಿತದ ಮೇಲೆ ಉಗ್ರ ಪ್ರತಿಕ್ರಿಯೆ ತರುವ ಔಷಧವನ್ನು ತಿಳಿಯದವರಿಗೆ ತಿನ್ನಿಸಿದರೆ ಜೀವ ಹೋಗಬಹುದು.

ಮನೆಯಲ್ಲಿ ಆಗದಿದ್ದರೆ

ಆರು ವಾರ ಮನಸ್ಸಿಟ್ಟು ಮಾಡಿದರೂ ಏನೂ ಕದಲದಿದ್ದರೆ ಹೊರಗಿನವರು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗಾಗಿಯೇ ವಿಭಾಗವಿದೆ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲೂ ವಿಚಾರಿಸಬಹುದು. ಸಮಾಲೋಚಕರು ತೀರ್ಪು ಕೊಡುವವರಲ್ಲ. ಯಾರು ಸರಿ ಎಂದು ಮೊದಲ ದಿನವೇ ಹೇಳಿಬಿಟ್ಟವರ ಹತ್ತಿರ ಎರಡನೇ ಸಲ ಹೋಗಬೇಡಿ.

ಬೇರೆಯಾಗುವುದೇ ದಾರಿ ಅನ್ನಿಸಿದರೂ ಅದನ್ನೂ ಮರ್ಯಾದೆಯಿಂದ ಮಾಡಬಹುದು. 1984ರ ಕುಟುಂಬ ನ್ಯಾಯಾಲಯ ಕಾಯ್ದೆ ಮೊದಲು ರಾಜಿಗೆ ಪ್ರಯತ್ನಿಸಬೇಕು ಅನ್ನುತ್ತದೆ, ಹಾಗಾಗಿ ಅಲ್ಲಿಯೂ ಮಧ್ಯಸ್ಥಿಕೆಗೆ ಕೂರಿಸುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಕಾರಣವಿದ್ದರೆ ನ್ಯಾಯಾಲಯ ಬಿಟ್ಟುಕೊಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉಚಿತ ಕಾನೂನು ನೆರವಿಗೆ 15100.

ಸಮಾಲೋಚನೆಗೆ ಮೊದಲ ಸಲ ಬರುವಾಗ ರಕ್ತದ ವರದಿ, ನುಂಗುವ ಮಾತ್ರೆಗಳ ಚೀಟಿ, ಜಗಳದ ಗಂಟೆ ಬರೆದ ಆ ಕ್ಯಾಲೆಂಡರ್ ತನ್ನಿ. ಮಕ್ಕಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಬೇಡಿ, ಬಾಗಿಲಿನಾಚೆ ಎಲ್ಲವೂ ಕೇಳುತ್ತದೆ. ಜತೆಗಾರರು ಬರಲು ಒಪ್ಪದಿದ್ದರೆ ಒಬ್ಬರೇ ಬನ್ನಿ. ನನ್ನಲ್ಲಿ ಕೊನೆಗೆ ಜೋಡಿಯಾಗಿ ಕೂತ ಎಷ್ಟೋ ಜನ ಶುರುವಿನಲ್ಲಿ ಒಬ್ಬೊಬ್ಬರೇ ಬಂದವರು. ಎರಡನೇ ತಿಂಗಳಿನಲ್ಲೋ ಮೂರನೇ ತಿಂಗಳಿನಲ್ಲೋ ಇನ್ನೊಬ್ಬರು ಬಾಗಿಲಲ್ಲಿ ನಿಂತು, "ನಾನೂ ಒಳಗೆ ಬರಬಹುದಾ?" ಅನ್ನುತ್ತಾರೆ.